ವಾಚನಾಲಯದ ಸೂಚನಾ ಪರದೆ: ಸಾಕೆಟ್ ಮೂಲಕ ಕನ್ನಡದ ಸಾಲುಗಳು

ಪುಣೆಯ ಚಿಂಚವಾಡದಲ್ಲಿ ನಮ್ಮ ಕನ್ನಡ ಬಳಗ ನಡೆಸುವ ವಾಚನಾಲಯಕ್ಕೆ ಸೂಚನಾ ಪರದೆಯೊಂದನ್ನು ಮಾಡಿಕೊಡುವ ಕೆಲಸ ಈ ತಿಂಗಳು ಒಂದು ಹಂತಕ್ಕೆ ಬಂದಿದೆ. ಮೇಜಿನ ಕಂಪ್ಯೂಟರಿನಲ್ಲಿ ಒಂದು ಸಾಲು ಟೈಪ್ ಮಾಡಿದರೆ, ಅದು ವೈಫೈ ಮೂಲಕ ಸಭಾಂಗಣದ ಟಿವಿಗೆ ಜೋಡಿಸಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ತಲುಪಿ ಪರದೆಯ ಮೇಲೆ ಮೂಡಬೇಕು. ಹೊಸದಾಗಿ ಬಂದ ಪುಸ್ತಕಗಳು, ಮಕ್ಕಳ ಕನ್ನಡ ತರಗತಿಯ ವೇಳೆ, ರಾಜ್ಯೋತ್ಸವದ ತಾಲೀಮು ಇಂಥ ಸೂಚನೆಗಳೇ ಹೆಚ್ಚು. ನಡುನಡುವೆ ಮರಾಠಿ ಸಾಲುಗಳೂ ಇರುತ್ತವೆ. ಎರಡೂ ಕಡೆಯ ಪ್ರೋಗ್ರಾಂಗಳನ್ನು ಪೈಥಾನ್ ಭಾಷೆಯಲ್ಲಿ ಬರೆದಿದ್ದೇನೆ, ನಡುವೆ ಇರುವುದು ಬರಿಯ ಟಿಸಿಪಿ ಸಾಕೆಟ್, ಅಂದರೆ ಟಿಸಿಪಿ ಎಂಬ ಜಾಲ ನಿಯಮದಂತೆ ಎರಡು ಪ್ರೋಗ್ರಾಂಗಳು ಬೈಟ್‌ಗಳನ್ನು ಕಳಿಸಿ ಪಡೆಯುವ ಸಂಪರ್ಕ. ಇಷ್ಟು ಸಣ್ಣ ಕೆಲಸಕ್ಕೆ ವೆಬ್ ಸರ್ವರನ್ನು ನಿಲ್ಲಿಸುವ ಅಗತ್ಯ ನನಗೆ ಕಾಣಲಿಲ್ಲ.

ವಾಚನಾಲಯ ನೋಡಿಕೊಳ್ಳುವ ಮಾಸ್ತರರ ಬೇಡಿಕೆ ಸರಳವಾಗಿತ್ತು: "ನಾ ಇಲ್ಲಿ ಒಂದು ಸಾಲು ಕಳಿಸಿದ್ರ ಅಲ್ಲಿ ಒಂದು ಸಾಲು ಬರಬೇಕು ನೋಡಪಾ, ಅಷ್ಟ." ಆದರೆ ಟಿಸಿಪಿ ಅಂಥ ಭರವಸೆಯನ್ನು ಎಂದೂ ಕೊಟ್ಟಿಲ್ಲ. ಅದರ ನಿಯಮಗಳನ್ನು ಬರೆದಿಟ್ಟ 1981ರ ಆರ್‌ಎಫ್‌ಸಿ 793 ಎಂಬ ದಾಖಲೆಯಲ್ಲಾಗಲಿ, ಅದರ ಸ್ಥಾನಕ್ಕೆ 2022ರಲ್ಲಿ ಬಂದ ಆರ್‌ಎಫ್‌ಸಿ 9293ರಲ್ಲಾಗಲಿ ಅದು ವಹಿಸಿಕೊಂಡಿರುವ ಹೊಣೆ, ಬೈಟ್‌ಗಳನ್ನು ಕಳಿಸಿದ ಕ್ರಮದಲ್ಲೇ, ಒಂದೂ ಕಳೆಯದಂತೆ ತಲುಪಿಸುವುದು ಮಾತ್ರ. ಎರಡು ಕೊಡ ನೀರನ್ನು ಒಂದೇ ಕೊಳವೆಗೆ ಸುರಿದರೆ ಮೊದಲ ಕೊಡ ಎಲ್ಲಿ ಮುಗಿಯಿತೆಂದು ಆಚೆ ತುದಿಯಲ್ಲಿ ಹೇಗೆ ತಿಳಿಯದೋ, ಹಾಗೆಯೇ ಎರಡು ಸಲ ಕಳಿಸಿದ ಸಾಲುಗಳು ಒಂದೇ ಸಲ ಓದುವಾಗ ಕೂಡಿಕೊಂಡು ಬರಬಹುದು, ಒಂದೇ ಸಾಲು ಎರಡು ತುಂಡಾಗಿಯೂ ಬರಬಹುದು. ಟಿಸಿಪಿಗೆ ಬದಲಾಗಿ ಬಳಸಬಹುದಾದ ಯುಡಿಪಿ ಎಂಬ ಇನ್ನೊಂದು ನಿಯಮ ಒಂದೊಂದು ಸಂದೇಶವನ್ನು ಬಿಡಿಯಾಗಿಯೇ ಒಯ್ಯುತ್ತದೆ, ನಿಜ. ಆದರೆ ಅದು ದಾರಿಯಲ್ಲಿ ಕಳೆದುಹೋದರೆ ಕೇಳುವವರಿಲ್ಲ. ಆದ್ದರಿಂದ ಟಿಸಿಪಿಯನ್ನೇ ಉಳಿಸಿಕೊಂಡು, ಸಾಲಿನ ಗಡಿಯನ್ನು ಗುರುತಿಸುವ ಕೆಲಸವನ್ನು ನನ್ನ ಪ್ರೋಗ್ರಾಮಿಗೇ ವಹಿಸಿದೆ.

ಕನ್ನಡದಲ್ಲಿ ಈ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಏಕೆಂದರೆ ಇಲ್ಲಿ ಸಾಲು ಮಾತ್ರವಲ್ಲ, ಅಕ್ಷರವೂ ಮುರಿಯುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿಯೊಂದು ಯುನಿಕೋಡ್ ಸಂಕೇತಕ್ಕೂ ಮೂರು ಬೈಟ್ ಬೇಕು. ಕಾಗುಣಿತದ ಚಿಹ್ನೆಗೆ ಮೂರು, ಒತ್ತಕ್ಷರಕ್ಕೆ ಮೊದಲು ಬರುವ ವಿರಾಮಕ್ಕೂ (ಅರ್ಧಾಕ್ಷರದ ಚಿಹ್ನೆಗೂ) ಮೂರು. ದೇವನಾಗರಿಗೂ ಇದೇ ಲೆಕ್ಕ. ಬಹಳಷ್ಟು ಮಾದರಿ ಪ್ರೋಗ್ರಾಂಗಳಲ್ಲಿ ಕಾಣುವ 1024 ಬೈಟ್‌ಗಳ ಬಫರನ್ನೇ, ಅಂದರೆ ಬಂದ ಬೈಟ್‌ಗಳನ್ನು ಹಿಡಿದಿಡುವ ಜಾಗವನ್ನೇ, ತೆಗೆದುಕೊಳ್ಳಿ. ನಡುವೆ ಜಾಗ ಬಿಡದೆ ಬರಿಯ ಕನ್ನಡವನ್ನೇ ತುಂಬಿದರೆ ಅದರಲ್ಲಿ 341 ಸಂಕೇತಗಳು ಪೂರ್ತಿಯಾಗಿ ಹಿಡಿದು, 342ನೆಯದರ ಮೊದಲ ಬೈಟ್ ಮಾತ್ರ ಒಳಗೆ ಬರುತ್ತದೆ. ಆ ತುಂಡನ್ನು ಅಲ್ಲಿಯೇ ಡಿಕೋಡ್ ಮಾಡಿದರೆ, ಅಂದರೆ ಬೈಟ್‌ಗಳನ್ನು ಅಕ್ಷರಗಳಿಗೆ ತಿರುಗಿಸಿದರೆ, ಪೈಥಾನ್ ದೋಷ ಹೇಳಿ ನಿಲ್ಲುತ್ತದೆ. ದೋಷವನ್ನು ಕಡೆಗಣಿಸುವಂತೆ ಹೇಳಿದರೆ ಅಕ್ಷರ ಸದ್ದಿಲ್ಲದೆ ಮಾಯವಾಗುತ್ತದೆ. ಎರಡನೆಯದೇ ಹೆಚ್ಚು ಕೆಟ್ಟದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಗ್ಲಿಷ್ ಸಾಲುಗಳಿಂದ ಮಾತ್ರ ಪರೀಕ್ಷಿಸಿದ ಪ್ರೋಗ್ರಾಮಿನಲ್ಲಿ ಈ ದೋಷ ವರ್ಷಗಟ್ಟಲೆ ಅಡಗಿರಬಲ್ಲದು. ಹಾಗಾಗಿ ನನ್ನ ಪರೀಕ್ಷೆಗಳೆಲ್ಲ ಕನ್ನಡದಲ್ಲಿಯೇ ಆರಂಭವಾಗುತ್ತವೆ.

ಗಡಿ ಗುರುತಿಸಲು ಎರಡು ದಾರಿಗಳಿದ್ದವು. ಪ್ರತಿ ಸಾಲಿನ ಕೊನೆಗೆ ಹೊಸಸಾಲಿನ ಚಿಹ್ನೆಯನ್ನು ಇಡುವುದು ಒಂದು. ಯುಟಿಎಫ್-8ರ ಬಹುಬೈಟ್ ಸಂಕೇತಗಳಲ್ಲಿ ಎಲ್ಲ ಬೈಟ್‌ಗಳೂ 128 ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯವಾದ್ದರಿಂದ, 10 ಎಂಬ ಬೆಲೆಯ ಆ ಚಿಹ್ನೆ ಕನ್ನಡ ಅಕ್ಷರದ ಹೊಟ್ಟೆಯಲ್ಲಿ ಎಂದೂ ಸಿಗುವುದಿಲ್ಲ. ಆ ಮಟ್ಟಿಗೆ ಅದು ಸುರಕ್ಷಿತ. ಆದರೆ ಸೂಚನೆಯೊಂದರಲ್ಲಿ ಎರಡು ಮೂರು ಸಾಲುಗಳಿರುವುದು ಇಲ್ಲಿ ಸಾಮಾನ್ಯ. ಆದ್ದರಿಂದ ಎರಡನೆಯ ದಾರಿಯನ್ನು ಹಿಡಿದೆ: ಮೊದಲು ನಾಲ್ಕು ಬೈಟ್‌ಗಳಲ್ಲಿ ಉದ್ದ, ಹಿರಿಯ ಬೈಟ್ ಮುಂದೆ ಬರುವ ನೆಟ್‌ವರ್ಕ್ ಕ್ರಮದಲ್ಲಿ, ಆಮೇಲೆ ಅಷ್ಟೇ ಬೈಟ್‌ಗಳ ಪಠ್ಯ.

ಈ ಉದ್ದ ಬೈಟ್‌ಗಳ ಉದ್ದವೇ ಆಗಿರಬೇಕು. 'ಪುಣೆ' ಎಂಬ ಮಾತು ಕಣ್ಣಿಗೆ ಎರಡು ಅಕ್ಷರ, ಪೈಥಾನ್‌ನ ಎಣಿಕೆಯಲ್ಲಿ ನಾಲ್ಕು ಸಂಕೇತ, ತಂತಿಯ ಮೇಲೆ ಹನ್ನೆರಡು ಬೈಟ್. ಎನ್‌ಕೋಡ್ ಮಾಡುವ, ಅಂದರೆ ಅಕ್ಷರಗಳನ್ನು ಬೈಟ್‌ಗಳಿಗೆ ತಿರುಗಿಸುವ ಮೊದಲೇ ಉದ್ದ ಎಣಿಸಿ 4 ಎಂದು ಕಳಿಸಿದರೆ ಏನಾಗುತ್ತದೆ ಎಂಬುದನ್ನು ಬೇಕೆಂದೇ ಮಾಡಿ ನೋಡಿದೆ. ಆಚೆಯವನು 224, 178, 170, 224 ಎಂಬ ನಾಲ್ಕು ಬೈಟ್‌ಗಳನ್ನು ಸಂದೇಶವೆಂದು ತೆಗೆದುಕೊಳ್ಳುತ್ತಾನೆ. ಅದರಲ್ಲಿರುವುದು 'ಪ' ಮತ್ತು ಉಕಾರದ ಒಂದು ಚೂರು. ಡಿಕೋಡ್ ದೋಷವನ್ನು ಕಡೆಗಣಿಸಿ ಮುಂದುವರಿದರೆ, ಮುಂದಿನ 179, 129, 224, 178 ಎಂಬುವನ್ನು ಅವನು ಮುಂದಿನ ಸಂದೇಶದ ಉದ್ದವೆಂದು ಓದುತ್ತಾನೆ. ಆ ಸಂಖ್ಯೆ 301 ಕೋಟಿಗೂ ಹೆಚ್ಚು. ಅಷ್ಟು ಬೈಟ್ ಬರಲೆಂದು ಪ್ರೋಗ್ರಾಂ ಸುಮ್ಮನೆ ಕಾಯುತ್ತಾ ಕುಳಿತುಬಿಡುತ್ತದೆ, ಪರದೆ ಹಳೆಯ ಸೂಚನೆಯನ್ನೇ ತೋರಿಸುತ್ತಿರುತ್ತದೆ. ಈ ಕಾರಣಕ್ಕೆ ಉದ್ದಕ್ಕೆ 4096ರ ಮಿತಿ ಹಾಕಿದ್ದೇನೆ. ಅದನ್ನು ಮೀರಿದ ಸಂಖ್ಯೆ ಬಂದರೆ ಸಂಪರ್ಕವನ್ನು ಕಡಿದು ಹೊಸದಾಗಿ ಆರಂಭಿಸುವುದೇ ಸರಿ, ಏಕೆಂದರೆ ಒಮ್ಮೆ ಹಳಿ ತಪ್ಪಿದ ಹರಿವಿನಲ್ಲಿ ಸರಿಯಾದ ಗಡಿಯನ್ನು ಮತ್ತೆ ಹುಡುಕುವ ನಂಬಿಕಸ್ಥ ಉಪಾಯ ಈ ವಿನ್ಯಾಸದಲ್ಲಿ ಇಲ್ಲ.

ಓದುವ ಕಡೆ ಎಲ್ಲ ಭಾರವನ್ನೂ ಹೊರುವುದು ಒಂದು ಚಿಕ್ಕ ಫಂಕ್ಷನ್. ಎಷ್ಟು ಬೈಟ್ ಬೇಕೆಂದು ಹೇಳಿದರೆ, ಅಷ್ಟೂ ಕೈಗೆ ಸಿಗುವವರೆಗೆ ಅದು ಸಾಕೆಟ್‌ನಿಂದ ಓದುವ ರಿಸೀವ್ ಅನ್ನು ಮತ್ತೆ ಮತ್ತೆ ಕರೆಯುತ್ತದೆ; ಖಾಲಿ ಉತ್ತರ ಬಂದರೆ ಆಚೆಯವನು ಸಂಪರ್ಕ ಮುಚ್ಚಿದ್ದಾನೆಂದು ತಿಳಿದು ನಿಲ್ಲುತ್ತದೆ. ಪೂರ್ತಿ ಸಿಕ್ಕ ಮೇಲಷ್ಟೇ ಡಿಕೋಡ್. ಕಳಿಸುವ ಕಡೆ ಸೆಂಡ್ ಬದಲು ಸೆಂಡ್‌ಆಲ್ ಬಳಸಿದ್ದೇನೆ, ಏಕೆಂದರೆ ಸೆಂಡ್ ಕೊಟ್ಟದ್ದರಲ್ಲಿ ಒಂದು ಭಾಗವನ್ನು ಮಾತ್ರ ಒಪ್ಪಿಕೊಂಡು ಹಿಂದಿರುಗಬಹುದು. ಒಂದೊಂದೇ ಬೈಟನ್ನು ನಡುವೆ ಬಿಡುವು ಕೊಟ್ಟು ಕಳಿಸಿದಾಗಲೂ, ಹಲವು ಸೂಚನೆಗಳನ್ನು ಒಟ್ಟಿಗೆ ಅಂಟಿಸಿ ಕಳಿಸಿದಾಗಲೂ, ಪರದೆಯ ಮೇಲೆ ಎಲ್ಲವೂ ಬೇರೆಬೇರೆಯಾಗಿ, ಒಂದು ಒತ್ತೂ ಮುಕ್ಕಾಗದೆ ಬಂದದ್ದನ್ನು ಕಂಡು ಬಹಳ ಸಂತೋಷವಾಯಿತು.

ಚಿಕ್ಕ ಸಂದೇಶಗಳನ್ನು ಕೂಡಿಸಿ ಕಳಿಸುವ ನೇಗಲ್ ಅಲ್ಗಾರಿದಮ್ ಅನ್ನು, ಅಂದರೆ 1984ರ ಆರ್‌ಎಫ್‌ಸಿ 896ರಲ್ಲಿ ಬಂದ ಉಪಾಯವನ್ನು, ನಿಲ್ಲಿಸಿಬಿಟ್ಟರೆ ಗಡಿಯ ತೊಂದರೆ ತೀರುತ್ತದೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಅದರಿಂದ ತಡ ಕಡಿಮೆಯಾಗಬಹುದೇ ಹೊರತು ಗಡಿಯ ಖಾತ್ರಿ ಸಿಗುವುದಿಲ್ಲ.

ಸಂಪರ್ಕ ಸತ್ತಿರುವುದನ್ನು ತಿಳಿಯುವ ವಿಷಯಕ್ಕೂ ಸ್ವಲ್ಪ ಗಮನ ಕೊಡಬೇಕಾಯಿತು. ಮೇಜಿನ ಕಂಪ್ಯೂಟರಿನ ವಿದ್ಯುತ್ ಹಠಾತ್ತನೆ ಹೋದರೆ ಮುಚ್ಚುವ ಸಂದೇಶ ಬರುವುದೇ ಇಲ್ಲ, ಪೈ ಮಾತ್ರ ಸಂಪರ್ಕ ಇನ್ನೂ ಇದೆಯೆಂದು ನಂಬಿರುತ್ತದೆ. ಸಂಪರ್ಕ ಬದುಕಿದೆಯೇ ಎಂದು ಪರೀಕ್ಷಿಸುವ ಲಿನಕ್ಸಿನ ಕೀಪ್‌ಅಲೈವ್ ಅನ್ನು ಆನ್ ಮಾಡಿದರೂ ಮೊದಲ ಪರೀಕ್ಷೆಗೆ ಮುನ್ನ ಕಾಯುವ ಅದರ ಮೂಲ ಹೊಂದಿಕೆ 7200 ಸೆಕೆಂಡು, ಎಂದರೆ ಎರಡು ಗಂಟೆ. ಅದಕ್ಕಾಗಿ ಮೂವತ್ತು ಸೆಕೆಂಡಿಗೊಮ್ಮೆ ಉದ್ದ ಸೊನ್ನೆಯ ಸಂದೇಶವೊಂದನ್ನು ಕಳಿಸುತ್ತೇನೆ. ಒಂದೂವರೆ ನಿಮಿಷ ಅದು ಬಾರದಿದ್ದರೆ ಪೈ ಹಳೆಯ ಸಾಕೆಟ್ ಮುಚ್ಚಿ ಹೊಸದಕ್ಕೆ ಕಾಯುತ್ತದೆ.

ಇನ್ನು ಉಳಿದಿರುವ ಕೆಲಸದಲ್ಲಿ ಮುಖ್ಯವಾದದ್ದು ಪಠ್ಯವನ್ನು ಒಂದೇ ರೂಪಕ್ಕೆ ತರುವುದು. 'ಕೊಡೆ' ಎಂಬುದರ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರಗಳ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟ್‌ಗಳಲ್ಲಿ ಬೇರೆ. ಹೀಗಾಗಿ ಒಂದೇ ಸೂಚನೆ ಎರಡು ಸಲ ಬಂದಿದೆಯೇ ಎಂದು ಹೋಲಿಸುವಾಗ ತಪ್ಪು ಉತ್ತರ ಸಿಗುತ್ತದೆ. ಕಳಿಸುವ ಕಡೆಯಲ್ಲಿಯೇ ಎನ್‌ಎಫ್‌ಸಿ ಎಂಬ, ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ರೂಪಕ್ಕೆ ಪರಿವರ್ತಿಸಿ, ಆಮೇಲೆ ಎನ್‌ಕೋಡ್ ಮಾಡಿ, ಕೊನೆಗೆ ಬೈಟ್ ಎಣಿಸುವಂತೆ ಬದಲಾಯಿಸುತ್ತಿದ್ದೇನೆ. ಅದರ ನಂತರ, ಸೂಚನೆ ಪರದೆಯ ಮೇಲೆ ಮೂಡಿದ್ದನ್ನು ಮೇಜಿನ ಕಡೆಗೆ ತಿಳಿಸುವ ಮರುಸಂದೇಶವನ್ನು ಸೇರಿಸಬೇಕು. ಸೆಂಡ್‌ಆಲ್ ಮುಗಿದ ಮಾತ್ರಕ್ಕೆ ಬೈಟ್‌ಗಳು ನಮ್ಮ ಕಂಪ್ಯೂಟರಿನ ಬಫರಿಗೆ ಸೇರಿದವು ಎಂದಷ್ಟೇ ಅರ್ಥವಾದ್ದರಿಂದ, ಮಾಸ್ತರರು ಎದ್ದು ಸಭಾಂಗಣಕ್ಕೆ ಹೋಗಿ ನೋಡದೆಯೇ ಖಾತ್ರಿಯಾಗಬೇಕಾದರೆ ಇದು ಬೇಕೇ ಬೇಕು.