ಹಗುರ ರಿಬ್ರೀದರ್ ಹುಡುಕಾಟ: ಬೆನ್ನಿಗೋ, ಎದೆಗೋ?

ರಿಬ್ರೀದರ್ ಅಂದರೆ ಡೈವರ್ ಬಿಟ್ಟ ಉಸಿರನ್ನು ಶುದ್ಧಮಾಡಿ, ಆಕ್ಸಿಜನ್ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಯಂತ್ರ. ಅಂಥದ್ದೊಂದರ ಹುಡುಕಾಟ ಒಂದು ಹಂತಕ್ಕೆ ಬಂದಿದೆ. ಪಟ್ಟಿಯಲ್ಲಿ ಈಗ ಎರಡೇ ಬಗೆ ಉಳಿದಿವೆ. ಒಂದು, ಬೆನ್ನಿಗೆ ಹಾಕಿಕೊಳ್ಳುವ ಚಿಕ್ಕ ಎಲೆಕ್ಟ್ರಾನಿಕ್ ರಿಬ್ರೀದರ್. ಇನ್ನೊಂದು, ಎದೆಗೆ ಕಟ್ಟಿಕೊಳ್ಳುವ ಮ್ಯಾನುಯಲ್ ರಿಬ್ರೀದರ್. ನನಗೆ ಬೇಕಾಗಿರುವುದು ಇಷ್ಟೇ: 30 ಮೀಟರ್ ಒಳಗಿನ ಡೈವ್, ಡಿಕೋ ಸ್ಟಾಪ್ (ಮೇಲೇರುವಾಗ ಕಡ್ಡಾಯವಾಗಿ ನಿಲ್ಲುವುದು) ಬೇಡ, ಮೀನುಗಳ ಹತ್ತಿರ ಗುಳ್ಳೆಯ ಸದ್ದಿಲ್ಲದೆ ಜಾಸ್ತಿ ಹೊತ್ತು ಇರಬೇಕು, ವಿಮಾನದಲ್ಲಿ ಒಯ್ಯುವುದಕ್ಕೆ ಸುಲಭವಾಗಿರಬೇಕು.

ಉಸಿರಿನ ಒಂದು ಪಾಲನ್ನಷ್ಟೇ ಮತ್ತೆ ಬಳಸುವ ಸೆಮಿ-ಕ್ಲೋಸ್ಡ್ ಮಾದರಿಗಳನ್ನು ಬೇಗನೇ ಬಿಟ್ಟೆ. ಅವು ಒಳ್ಳೆಯವೇ, ರಚನೆಯೂ ಸರಳ. ಆದರೆ ಆಗಾಗ ಗುಳ್ಳೆ ಬಿಡುತ್ತವೆ. ನಾನು ಈ ದಾರಿ ಹಿಡಿದದ್ದೇ ಮೌನಕ್ಕಾಗಿ.

ಬಿಟ್ಟ ಉಸಿರನ್ನೆಲ್ಲ ಮತ್ತೆ ಬಳಸುವ ಕ್ಲೋಸ್ಡ್ ಸರ್ಕ್ಯೂಟ್‌ನ ಲೆಕ್ಕ ಎಷ್ಟು ಸಲ ನೋಡಿದರೂ ನನಗೆ ಖುಷಿ. ಒಳಗೆಳೆದ ಗಾಳಿಯಲ್ಲಿ ಶೇ 21 ಆಕ್ಸಿಜನ್ ಇದ್ದರೆ, ಹೊರಬಿಟ್ಟದ್ದರಲ್ಲಿ ಇನ್ನೂ ಶೇ 16-17 ಉಳಿದಿರುತ್ತದೆ. ಮಾಮೂಲಿ ಸ್ಕೂಬಾದಲ್ಲಿ ಅದೆಲ್ಲ ಗುಳ್ಳೆಯಾಗಿ ಹೋಗುತ್ತದೆ. ಆಳಕ್ಕೆ ಹೋದಷ್ಟೂ ನಷ್ಟ ಜಾಸ್ತಿ. ರಿಬ್ರೀದರ್‌ನಲ್ಲಿ ದೇಹ ಸುಟ್ಟಷ್ಟು ಆಕ್ಸಿಜನ್ ಮಾತ್ರ ಸೇರಿಸಿದರೆ ಸಾಕು. ನಿಧಾನವಾಗಿ ಈಜುವವರಿಗೆ ನಿಮಿಷಕ್ಕೆ ಸುಮಾರು 1 ಲೀಟರ್, ಅದೂ ಆಳ ಎಷ್ಟೇ ಇರಲಿ. 2 ಲೀಟರ್‌ನ ಪುಟ್ಟ ಸಿಲಿಂಡರ್ 200 ಬಾರ್ ತುಂಬಿದರೆ 400 ಲೀಟರ್ ಆಯಿತು. ಹಾಗಾಗಿ ಆಕ್ಸಿಜನ್ ಮುಗಿಯುವ ಚಿಂತೆ ಕಡಿಮೆ. ಡೈವ್ ಎಷ್ಟು ಹೊತ್ತು ಅನ್ನುವುದನ್ನು ತೀರ್ಮಾನಿಸುವುದು ಕಾರ್ಬನ್ ಡೈಆಕ್ಸೈಡ್ ಹೀರುವ ಸ್ಕ್ರಬ್ಬರ್.

ಇನ್ನು ತೂಕ. ಕ್ಯಾಟಲಾಗ್‌ನಲ್ಲಿ ಬರೆದ ತೂಕ ನೋಡಿ ಮರುಳಾಗಬೇಡಿ. ಬಹಳ ಕಡೆ ಅದು ಸಿಲಿಂಡರ್ ಇಲ್ಲದ, ಸ್ಕ್ರಬ್ಬರ್‌ಗೆ ಸೋಡಾ ಲೈಮ್ (ಕಾರ್ಬನ್ ಡೈಆಕ್ಸೈಡ್ ಹೀರುವ ಸುಣ್ಣದ ಕಾಳು) ತುಂಬದ, ತುರ್ತು ಗಾಳಿಯಾದ ಬೇಲ್‌ಔಟ್ ಸೇರಿಸದ ತೂಕ. 2 ಲೀಟರ್‌ನ ಉಕ್ಕಿನ ಸಿಲಿಂಡರ್ ಒಂದೊಂದೂ ಸುಮಾರು 3 ಕೆಜಿ. ಸೋಡಾ ಲೈಮ್ ಎರಡು-ಎರಡೂವರೆ ಕೆಜಿ. ಇನ್ನೊಂದು ವಿಷಯವೂ ಇದೆ. ಬಿಟ್ಟ ಉಸಿರು ತುಂಬಿಕೊಳ್ಳುವ ಚೀಲವಾದ ಕೌಂಟರ್‌ಲಂಗ್‌ನಲ್ಲಿ ನಿಂತ ಒಂದೊಂದು ಲೀಟರ್ ಗಾಳಿಯೂ ನೀರಿನಲ್ಲಿ ಒಂದು ಕೆಜಿ ಮೇಲಕ್ಕೆ ಎತ್ತುತ್ತದೆ. ನೆಲದ ಮೇಲೆ ಯಂತ್ರ ಹಗುರವಾದಷ್ಟೂ ನೀರಿಗಿಳಿಯುವಾಗ ಸೀಸ ಜಾಸ್ತಿ ಕಟ್ಟಬೇಕು. ಪ್ರಯಾಣಕ್ಕಂತೂ ಇದು ಲಾಭವೇ, ಸೀಸ ಎಲ್ಲಿ ಹೋದರೂ ಬಾಡಿಗೆಗೆ ಸಿಗುತ್ತದೆ. ಆದರೆ ದೋಣಿಯ ಏಣಿ ಹತ್ತುವಾಗ ಬೆನ್ನು, ಮಂಡಿಗೆ ಏನೂ ಉಳಿತಾಯವಿಲ್ಲ.

ನನ್ನ ಆಯ್ಕೆಯನ್ನು ತಿರುಗಿಸಿದ್ದು ಬೇಲ್‌ಔಟ್ ಲೆಕ್ಕ. ಲೂಪ್ (ಉಸಿರು ಸುತ್ತುವ ಕೊಳವೆ, ಚೀಲಗಳ ಬಳಸು) ಕೈಕೊಟ್ಟರೆ ಮೇಲೆ ಬರಲು ಬೇಕಾದ ಗಾಳಿ ಅದು. ಬೆನ್ನಿನ ಮಾದರಿಯಲ್ಲಿ ಡೈಲ್ಯುಯೆಂಟ್‌ನ (ಲೂಪ್‌ನಲ್ಲಿ ಆಕ್ಸಿಜನ್ ಜೊತೆ ಬೆರೆಸುವ ಗಾಳಿಯ) 3 ಲೀಟರ್ ಸಿಲಿಂಡರನ್ನೇ ಬೇಲ್‌ಔಟ್ ಆಗಿ ಬಳಸಬಹುದು ಅಂತ ಕೆಲವರು ಹೇಳುತ್ತಾರೆ. ಕಾಗದದ ಮೇಲೆ ಹಾಕಿ ನೋಡಿದೆ. ಕಾರ್ಬನ್ ಡೈಆಕ್ಸೈಡ್ ಏರಿದವರು ಏದುಸಿರು ಬಿಡುತ್ತಿರುತ್ತಾರೆ, ಅದಕ್ಕೇ ನಿಮಿಷಕ್ಕೆ 40 ಲೀಟರ್ ಹಿಡಿದೆ. 30 ಮೀಟರ್‌ನಲ್ಲಿ ಒತ್ತಡ 4 ಬಾರ್. ಅಲ್ಲಿ ಸಾವರಿಸಿಕೊಳ್ಳಲು 2 ನಿಮಿಷಕ್ಕೆ 320 ಲೀಟರ್. 5 ಮೀಟರ್‌ವರೆಗೆ ಏರಲು 3 ನಿಮಿಷ, ಸರಾಸರಿ 2.75 ಬಾರ್, 330 ಲೀಟರ್. ಅಲ್ಲಿ ಮುನ್ನೆಚ್ಚರಿಕೆಗೆಂದು ನಿಲ್ಲುವ 3 ನಿಮಿಷದ ಸೇಫ್ಟಿ ಸ್ಟಾಪ್‌ಗೆ 180. ಒಟ್ಟು 830 ಲೀಟರ್. 3 ಲೀಟರ್ ಸಿಲಿಂಡರ್ 200 ಬಾರ್ ತುಂಬಿದ್ದರೂ ಇರುವುದು 600! ಸ್ಟಾಪ್ ಬಿಟ್ಟು ನೇರ ಮೇಲೆ ಬಂದರೂ ಸಾಲುವುದು ಕಷ್ಟ. ಹಾಗಾದರೆ ಪಕ್ಕಕ್ಕೆ 5.7 ಲೀಟರ್‌ನ ಅಲ್ಯುಮಿನಿಯಂ ಸಿಲಿಂಡರ್ ಕಟ್ಟಲೇಬೇಕು. ಖಾಲಿ ಇದ್ದಾಗಲೇ ಅದು 7 ಕೆಜಿ ಹತ್ತಿರ. ಹಗುರ ಅನ್ನುವ ಮಾತು ಅಲ್ಲಿಗೆ ಮುಗಿಯಿತು ಅಲ್ವಾ?

ಎದೆಯ ಮಾದರಿ ಇಲ್ಲಿ ಗೆಲ್ಲುತ್ತದೆ. ಲೂಪ್, ಸ್ಕ್ರಬ್ಬರ್, ಚಿಕ್ಕ ಆಕ್ಸಿಜನ್ ಸಿಲಿಂಡರ್ ಎಲ್ಲ ಮುಂದಿರುತ್ತವೆ. ಬೆನ್ನಿಗೆ ಮಾಮೂಲಿ ಬಿಸಿಡಿ (ತೇಲುವಿಕೆ ಹೊಂದಿಸುವ ಜಾಕೆಟ್), ಮಾಮೂಲಿ 12 ಲೀಟರ್ ಸಿಲಿಂಡರ್. ಅದೇ ಡೈಲ್ಯುಯೆಂಟ್, ಅದೇ ಬೇಲ್‌ಔಟ್. 200 ಬಾರ್‌ನಲ್ಲಿ 2400 ಲೀಟರ್. ಹೋದ ಕಡೆ ಬಾಡಿಗೆಗೆ ತೆಗೆದುಕೊಂಡರೆ ಆಯಿತು. ಒಟ್ಟು ಹೊರೆ ಕಡಿಮೆಯಾಗಲಿಲ್ಲ, ನಾನು ಊರಿಂದೂರಿಗೆ ಹೊರುವ ಪಾಲು ಕಡಿಮೆಯಾಯಿತು.

ಬೇಲ್‌ಔಟ್ ಬಗ್ಗೆ ಇಷ್ಟು ಹಟ ಯಾಕೆ ಅಂದರೆ, 1998ರಿಂದ 2010ರವರೆಗೆ ಜಗತ್ತಿನಾದ್ಯಂತ ಹವ್ಯಾಸಿ ರಿಬ್ರೀದರ್ ಡೈವ್‌ಗಳಲ್ಲಿ ದಾಖಲಾದ 181 ಸಾವುಗಳನ್ನು ಡೈವಿಂಗ್ ವೈದ್ಯ ಆಂಡ್ರ್ಯೂ ಫಾಕ್ 2013ರಲ್ಲಿ ವಿಶ್ಲೇಷಿಸಿದ್ದಾರೆ. ಮಾಮೂಲಿ ಸ್ಕೂಬಾಗಿಂತ ಅಪಾಯ ಸುಮಾರು ಹತ್ತು ಪಟ್ಟು ಅಂತ ಅವರ ಅಂದಾಜು. ಅದನ್ನು ಓದಿದ ಮೇಲೆ ಬೇಲ್‌ಔಟ್‌ನಲ್ಲಿ ತೂಕ ಉಳಿಸಲು ನನಗೆ ಮನಸ್ಸು ಬರುವುದಿಲ್ಲ.

ಟ್ರೈ ಡೈವ್‌ನಲ್ಲಿ ಎರಡೂ ಹಾಕಿ ನೋಡಿದೆ. ಬೋರಲು ಈಜುವಾಗ ಎದೆಯ ಕೌಂಟರ್‌ಲಂಗ್ ಶ್ವಾಸಕೋಶಕ್ಕಿಂತ ಕೆಳಗಿರುತ್ತದೆ. ಉಸಿರು ತಾನಾಗಿ ಒಳಗೆ ಬಂದಂತೆ ಅನಿಸುತ್ತದೆ, ಬಿಡುವಾಗ ಸ್ವಲ್ಪ ತಳ್ಳಬೇಕು. ಬೆನ್ನಿನದರಲ್ಲಿ ಉಲ್ಟಾ. ನನಗೆ ಮೊದಲನೆಯದೇ ಹಿತವಾಯಿತು. ತೊಂದರೆ ಅಂದರೆ ಎದೆಯ ಮುಂದೆ ಗಂಟು ಕಟ್ಟಿದ ಹಾಗಾಗಿ ಏಣಿ ಹತ್ತುವಾಗ ಕಾಲು ಕಾಣುವುದಿಲ್ಲ. ಬೆಲ್ಟಿನ ಬಕಲ್‌ಗಳನ್ನು ಕೈಯಲ್ಲೇ ತಡವಿ ಗುರುತಿಸಬೇಕು.

ಸ್ಕ್ರಬ್ಬರ್ ತುಂಬುವುದನ್ನೂ ನಾನೇ ಮಾಡಿ ನೋಡಿದೆ. ಸೋಡಾ ಲೈಮ್ ಕಾಳುಗಳನ್ನು ಸ್ವಲ್ಪ ಸುರಿಯಬೇಕು, ಡಬ್ಬಿಯ ಪಕ್ಕಕ್ಕೆ ಅಂಗೈಯಿಂದ ತಟ್ಟಬೇಕು, ಮಟ್ಟ ಕುಸಿಯುತ್ತದೆ, ಮತ್ತೆ ಸುರಿಯಬೇಕು. ತಟ್ಟಿದರೂ ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಇದೇ ಕೆಲಸ. ಸಡಿಲ ಬಿಟ್ಟರೆ ಉಸಿರು ಸುಲಭದ ದಾರಿ ಹುಡುಕಿಕೊಂಡು ಸುಣ್ಣವನ್ನು ಮುಟ್ಟದೇ ದಾಟಿಬಿಡುತ್ತದೆ. ಡೈವ್‌ಗೆ ಮುಂಚೆ ಐದು ನಿಮಿಷ ಲೂಪ್‌ನಲ್ಲಿ ಉಸಿರಾಡಿ ನೋಡಿದರೆ ಇದು ಗೊತ್ತಾಗುತ್ತದೆ ಅಂತ ನಂಬಬೇಡಿ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ಕ್ರಬ್ಬರ್ ಅರ್ಧಂಬರ್ಧ ಕೆಟ್ಟಿದ್ದಾಗ ಬಹುಪಾಲು ಜನರಿಗೆ ಅದು ತಿಳಿಯಲೇ ಇಲ್ಲ. ಹಾಗಾಗಿ ತುಂಬುವ ಕೈಕೆಲಸದಲ್ಲೇ ಜಾಗ್ರತೆ ಬೇಕು.

ಎಲೆಕ್ಟ್ರಾನಿಕ್ ಮಾದರಿಯಲ್ಲಿ ಸೊಲೆನಾಯ್ಡ್ ಅನ್ನುವ ವಿದ್ಯುತ್ ಕವಾಟ ತಾನೇ ಆಕ್ಸಿಜನ್ ಬಿಟ್ಟು ಸೆಟ್‌ಪಾಯಿಂಟ್ (ಮೊದಲೇ ಗೊತ್ತುಮಾಡಿದ ಆಕ್ಸಿಜನ್ ಮಟ್ಟ) ಕಾಯುತ್ತದೆ. ಮ್ಯಾನುಯಲ್‌ನಲ್ಲಿ ಒಂದು ಸಣ್ಣ ರಂಧ್ರದಿಂದ ನಿರಂತರ ಹರಿವು, ಉಳಿದದ್ದಕ್ಕೆ ಗುಂಡಿ ಒತ್ತಬೇಕು. ಅದರಲ್ಲೂ ಮೇಲೇರುವಾಗ ಒತ್ತಡ ಇಳಿದಂತೆ ಆಕ್ಸಿಜನ್‌ನ ಆಂಶಿಕ ಒತ್ತಡವೂ (ಒಟ್ಟು ಒತ್ತಡದಲ್ಲಿ ಅದರ ಪಾಲು) ಇಳಿಯುತ್ತದೆ, ಆಗ ಕಣ್ಣು ಡಿಸ್ಪ್ಲೇ ಮೇಲೇ ಇರಬೇಕು. ನನಗೆ ಈ ಕೆಲಸ ಇಷ್ಟ. ಫೋಟೋ ತೆಗೆಯುತ್ತ ಮೈಮರೆಯುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಸದ್ಯಕ್ಕೆ ಎದೆಯ ಮಾದರಿಯೇ ಖಾತ್ರಿ. ಬಳಸಿದ ಯಂತ್ರವೊಂದು ನೋಡಲು ಸಿಕ್ಕಿದೆ. ಆಕ್ಸಿಜನ್ ಅಳೆಯುವ ಮೂರೂ ಸೆನ್ಸರ್‌ಗಳ ತಯಾರಿಕೆಯ ತಿಂಗಳು ನೋಡಬೇಕು. ಗಾಳಿಯಲ್ಲಿ ಎಷ್ಟು ಮಿಲಿವೋಲ್ಟ್ ತೋರಿಸುತ್ತದೋ ಶುದ್ಧ ಆಕ್ಸಿಜನ್‌ನಲ್ಲಿ ಅದರ ಸುಮಾರು 4.76 ಪಟ್ಟು ಬರಬೇಕು. ಗಾಳಿಯಲ್ಲಿ 11 ಇದ್ದರೆ ಅಲ್ಲಿ 52ರ ಆಸುಪಾಸು. ಅದಕ್ಕಿಂತ ತೀರಾ ಕಡಿಮೆ ಬಂದ ಸೆನ್ಸರ್ ಬದಲಾಯಿಸಲೇಬೇಕು. ಸುಮ್ನೆ ಸಂಶಯ ಇಟ್ಟುಕೊಳ್ಳುವುದಕ್ಕಿಂತ ಮೂರನ್ನೂ ಹೊಸದು ಹಾಕಿಸುವ ಯೋಚನೆಯೂ ಇದೆ. ಆಮೇಲೆ ಅದೇ ಮಾದರಿಗೆಂದೇ ಇರುವ ತರಬೇತಿ. ಅದು ಮುಗಿಯುವವರೆಗೆ ಯಂತ್ರ ನೀರಿಗಿಳಿಯುವುದಿಲ್ಲ.