ಫೈಬರ್ ದೋಣಿಯ ಕಲೆ ತೆಗೆದು ಹೊಳಪು ಮರಳಿಸುವಾಗ

ಫೈಬರ್ ದೋಣಿಯ ಹೊಳಪೆಲ್ಲ ಇರುವುದು ಹೊರಮೈಯ ಬಣ್ಣದ ರಾಳದ ಪದರವಾದ ಜೆಲ್‌ಕೋಟ್‌ನಲ್ಲಿ. ಅದರ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಅಷ್ಟೇ. ಪ್ರತಿ ಸಲ ಉಜ್ಜಿದಾಗಲೂ ಒಂದಿಷ್ಟು ಸವೆಯುತ್ತದೆ. ಜೂನ್-ಜುಲೈನ ಮೀನುಗಾರಿಕೆ ನಿಷೇಧದಲ್ಲಿ ದೋಣಿ ದಡ ಹತ್ತಿದ ಕೂಡಲೇ ಕೆಲವರು ಬಫಿಂಗ್ ಮೆಷಿನ್ ಹಿಡಿಯುತ್ತಾರೆ. ಕಲೆ ಯಾವುದರದ್ದು ಎಂದು ತಿಳಿದುಕೊಂಡರೆ ಅರ್ಧಕ್ಕರ್ಧ ಕೆಲಸ ಉಜ್ಜದೆಯೇ ಮುಗಿಯುತ್ತದೆ.

ಬೋಲ್ಟ್ ಕೆಳಗೆ ಇಳಿದ ಕೆಂಗಂದು ಗೆರೆ ತುಕ್ಕಿನದು. ಅಳಿವೆಯಲ್ಲಿ ಕಟ್ಟಿದ ದೋಣಿಗೆ ನೀರಿನ ಮಟ್ಟದಲ್ಲಿ ಕೂರುವ ಹಳದಿ-ಕಂದು ಪಟ್ಟಿಯಲ್ಲಿ ಕೊಳೆತ ಎಲೆ-ತೊಗಟೆಯ ಬಣ್ಣವೂ ಕಬ್ಬಿಣದಂಶವೂ ಸೇರಿರುತ್ತವೆ. ಎರಡಕ್ಕೂ ಆಕ್ಸಾಲಿಕ್ ಆಸಿಡ್ ಸಾಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 50-60 ಗ್ರಾಂ ಕರಗಿಸಿ, ಸ್ಪಂಜಿನಲ್ಲಿ ಹಚ್ಚಿ, 10-15 ನಿಮಿಷ ಒದ್ದೆಯಾಗಿಯೇ ಇರಿಸಿ. ನಿಂತ ಮೈಯಿಂದ ಹರಿದು ಹೋಗುತ್ತಿದ್ದರೆ ತೆಳುವಾದ ಮೈದಾ ಅಂಟು ಬೆರೆಸಿ ಬಳಿಯಬಹುದು. ಒಣಗಲು ಮಾತ್ರ ಬಿಡಬೇಡಿ. ಹರಳುಗಟ್ಟಿದರೆ ಅದರ ಪುಡಿ ಮೂಗು-ಕಣ್ಣಿಗೆ ಕೆಟ್ಟದ್ದು. ಇದು ವಿಷ, ಕೈಗವಸು ಮತ್ತು ಕನ್ನಡಕ ಬೇಕೇ ಬೇಕು. ಗಡಸು ನೀರಿನಲ್ಲಿ ಕರಗಿಸಿದರೆ ಅಥವಾ ತೊಳೆದರೆ ಬಿಳಿ ಪೊರೆ ಉಳಿಯುವುದುಂಟು. ಸಿಗುವುದಾದರೆ ಮಳೆನೀರೇ ಒಳ್ಳೆಯದು.

ಎಣ್ಣೆ-ಡೀಸೆಲ್ ಜಿಡ್ಡಿಗೆ ಆಸಿಡ್ ನಾಟುವುದಿಲ್ಲ, ಅದನ್ನು ಮೊದಲೇ ಡಿಗ್ರೀಸರ್‌ನಿಂದ ತೆಗೆಯಬೇಕು. ಕಪ್ಪು ಬೂಷ್ಟಿಗೆ ನೀರು ಬೆರೆಸಿದ ಬ್ಲೀಚ್ ಸರಿ, ಆದರೆ ತುಕ್ಕಿನ ಮೇಲೆ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಬ್ಲೀಚ್ ಮತ್ತು ಆಸಿಡ್ ಒಂದಕ್ಕೊಂದು ತಾಗಲೇಬಾರದು: ಕ್ಲೋರಿನ್ ಅನಿಲ ಏಳುತ್ತದೆ. ಒಂದನ್ನು ಪೂರ್ತಿ ತೊಳೆದು ಒಣಗಿಸಿದ ಮೇಲೆಯೇ ಇನ್ನೊಂದು.

ಕಲೆ ಹೋದ ಮೇಲೂ ಮೈ ಮಂಕಾಗಿದ್ದರೆ ಕಪ್ಪು ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಬಿಳಿ ಪುಡಿ ಹತ್ತಿದರೆ ಅದು ಬಿಸಿಲಿಗೆ ಸೀದ ಜೆಲ್‌ಕೋಟ್. ಆ ಜಾಗ ಒದ್ದೆ ಮಾಡಿದಾಗ ಬಣ್ಣ ಗಾಢವಾಗಿ ಮರಳಿದರೆ ಪಾಲಿಶ್‌ಗೆ ಬರುತ್ತದೆ. ಒದ್ದೆಯಲ್ಲೂ ತೇಪೆ ತೇಪೆಯಾಗಿ ನಾರಿನ ನೇಯ್ಗೆ ಕಂಡರೆ ಜೆಲ್‌ಕೋಟ್ ಮುಗಿದಿದೆ, ಹೊಸ ಕೋಟ್ ಅಥವಾ ಪೇಂಟ್ ಬಿಟ್ಟು ದಾರಿಯಿಲ್ಲ.

ಉಜ್ಜುವ ಮೊದಲು ಹಳೇ ವ್ಯಾಕ್ಸ್ ಅನ್ನು ಅಸಿಟೋನ್ ಬಟ್ಟೆಯಿಂದ ತೆಗೆಯಿರಿ. ಬಟ್ಟೆಯ ಮಗ್ಗುಲು ಬದಲಿಸುತ್ತ ಒಂದೇ ದಿಕ್ಕಿಗೆ ಒರೆಸಬೇಕು, ಇಲ್ಲದಿದ್ದರೆ ವ್ಯಾಕ್ಸ್ ಗೀರುಗಳೊಳಗೆ ಹರಡುತ್ತದೆ. ಬರೀ ಮಂಕಾಗಿದ್ದರೆ ಕಾಂಪೌಂಡ್ (ಉಜ್ಜಿ ನಯಗೊಳಿಸುವ ಪೇಸ್ಟ್) ಒಂದೇ ಸಾಕು. ಆಳ ಮಂಕಿದ್ದಲ್ಲಿ ಮಾತ್ರ 800, 1000, 1500 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಪ್ರತಿ ನಂಬರಿಗೂ ದಿಕ್ಕು ಬದಲಿಸಿ. ಹಿಂದಿನ ಗೀರು ಪೂರ್ತಿ ಮಾಯವಾಗದೆ ಮುಂದಿನ ನಂಬರಿಗೆ ಹೋದರೆ ಬಿಸಿಲಲ್ಲಿ ಅದೇ ಗೀರು ಎದ್ದು ಕಾಣುತ್ತದೆ.

ಕಾಂಪೌಂಡ್ ಹಚ್ಚಿ ಮೆಷಿನ್ ಓಡಿಸಲು ಉಣ್ಣೆಯ ಪ್ಯಾಡ್, 1200-1500 ಆರ್‌ಪಿಎಂ, ಒಮ್ಮೆಗೆ ಎರಡಡಿ ಚೌಕ, ನೆರಳಿನಲ್ಲಿ. ಮೆಷಿನ್ ಒಂದೇ ಕಡೆ ನಿಂತರೆ ಮೈ ಬಿಸಿಯೇರಿ ಸುಟ್ಟ ಗುರುತು ಬೀಳುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಜೆಲ್‌ಕೋಟ್ ಬೇಗ ತೂತಾಗುವುದರಿಂದ ಮೆಷಿನ್ ಓಡಿಸುವಾಗ ಟೇಪ್ ಹಚ್ಚಿ, ಆಮೇಲೆ ಅದನ್ನು ತೆಗೆದು ಅಲ್ಲಿ ಕೈಯಿಂದಲೇ ಉಜ್ಜಿ. ಆಮೇಲೆ ಫೋಮ್ ಪ್ಯಾಡಿನಲ್ಲಿ ಪಾಲಿಶ್.

ಆಳವಾದ ಗೀರಿಗೆ ಜೆಲ್‌ಕೋಟ್ ತುಂಬುವುದಿದ್ದರೆ ಸುತ್ತಲಿನ ಮೈಗೆ ಪಾಲಿಶ್ ಮುಗಿಸಿ ಆಮೇಲೆ ಬಣ್ಣ ಹೊಂದಿಸಿ. ಮೊದಲೇ ಹೊಂದಿಸಿದರೆ ಮಂಕಾದ ಬಣ್ಣಕ್ಕೆ ಹೊಂದುತ್ತದೆ, ಪಾಲಿಶ್ ಆದೊಡನೆ ತೇಪೆ ಬೇರೆಯಾಗಿ ಕಾಣುತ್ತದೆ. ತುಂಬುವ ಜಾಗದ ವ್ಯಾಕ್ಸ್-ಕಾಂಪೌಂಡ್ ಪೂರ್ತಿ ಹೋಗಿರಬೇಕು. 100 ಗ್ರಾಂ ಜೆಲ್‌ಕೋಟ್‌ಗೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) 1.5-2 ಗ್ರಾಂ. ಹೆಚ್ಚು ಹಾಕಿದರೆ ಬಿರುಕು ಬಿಡುತ್ತದೆ, ಹಳದಿಗಟ್ಟುತ್ತದೆ. ಗಾಳಿ ತಾಗಿದ ಮೇಲ್ಮೈ ಅಂಟಂಟಾಗಿ ಉಳಿಯುವುದರಿಂದ ಪಾಲಿಯೆಸ್ಟರ್ ಹಾಳೆ ಮುಚ್ಚಿಡಿ. ಹಾರ್ಡನರನ್ನೂ, ರಾಳ ಬೇಗ ಗಟ್ಟಿಯಾಗಲು ಬಳಸುವ ಕೋಬಾಲ್ಟ್ ದ್ರಾವಣವನ್ನೂ ನೇರ ಬೆರೆಸಿದರೆ ಸಿಡಿಯುತ್ತದೆ. ಎರಡು ಬಾಟಲಿಗಳನ್ನು ಒಂದೇ ಕಪಾಟಿನಲ್ಲಿ ಇಡುವುದೂ ಬೇಡ.

ಕೊನೆಗೆ ಕಾರ್ನೌಬಾ ವ್ಯಾಕ್ಸ್ ಎರಡು ಕೋಟ್, ನೀರಿನ ಮಟ್ಟದಿಂದ ಮೇಲೆ ಮಾತ್ರ. ಸಿಲಿಕೋನ್ ಇರುವ ಪಾಲಿಶ್ ಬೇಡ: ಮುಂದೆ ಹೊಡೆಯುವ ಪೇಂಟ್ ಕಣ್ಣು ಕಣ್ಣಾಗಿ ಒಡೆದುಕೊಳ್ಳುತ್ತದೆ. ತುಕ್ಕಿನ ಗೆರೆ ಇಳಿದಿದ್ದ ಬೋಲ್ಟ್‌ಗಳನ್ನು ವ್ಯಾಕ್ಸ್‌ಗಿಂತ ಮೊದಲೇ ಬಿಚ್ಚಿ, ಉಪ್ಪುನೀರಿಗೆ ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಹಾಕಿ, ತಳಕ್ಕೆ ಹೊಸ ಸೀಲಂಟ್ ಕೊಡಿ. ಹಳೆಯದನ್ನೇ ಬಿಟ್ಟರೆ ಅದೇ ಮಳೆಗಾಲದಲ್ಲಿ ಗೆರೆ ಮತ್ತೆ ಇಳಿಯುತ್ತದೆ.