ಪಾಪ ಅನ್ಸಲ್ವಾ ಅಂತ ಕೇಳೋರಿಗೆ

ಅನ್ಸುತ್ತೆ. ಉತ್ತರ ಇಷ್ಟೇ. ಆದ್ರೆ ಇಷ್ಟು ಹೇಳಿದ್ರೆ ಯಾರೂ ಬಿಡಲ್ಲ, ಮತ್ಯಾಕೆ ಹೊಡಿತೀಯ ಅಂತ ಮುಂದಿನದು ಶುರುವಾಗುತ್ತೆ, ಅದಕ್ಕೆ ಒಂದ್ಸಲ ಕೂತು ಪೂರ್ತಿ ಬರೆದುಬಿಡ್ತಿದೀನಿ. ನನ್ನ ಊರು ತೀರ್ಥಹಳ್ಳಿ ಕಡೆ, ಈಗಿರೋದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಲ್ಲಿ. ಏಪ್ರಿಲ್ ಮೇ ಬಂತು ಅಂದ್ರೆ ಲೈಸೆನ್ಸ್ ಪರ್ಮಿಟ್ ಎಲ್ಲಾ ತಗೊಂಡು ಕಾಡು ಟರ್ಕಿ, ಅಂದ್ರೆ ಕೋಳಿ ಜಾತಿಯ ದೊಡ್ಡ ಹಕ್ಕಿ, ಅದರ ಶಿಕಾರಿಗೆ ಹೋಗ್ತೀನಿ. ಇದು ಗೊತ್ತಾದ ಪ್ರತಿ ಕನ್ನಡದೋರೂ, ಹಬ್ಬದ ಊಟದಲ್ಲಿ ಆಗಲಿ ಮಕ್ಕಳ ಬರ್ತ್‌ಡೇಲಿ ಆಗಲಿ, ಒಂದೇ ಉಸಿರಲ್ಲಿ ಕೇಳೋದು ಇದು: "ಕೋಳಿ ಅಂಗಡೀಲೇ ಸಿಗುತ್ತಲ್ಲ, ಕಾಡಿಗೆ ಹೋಗಿ ಯಾಕೆ ಹೊಡಿತೀಯ, ಪಾಪ ಅನ್ಸಲ್ವಾ?"

ಆ ಕೊನೇ ಪದ ನೋಡಿ. ಅನ್ಸುತ್ತಾ ಅಂತ ಕೇಳಲ್ಲ, ಅನ್ಸಲ್ವಾ ಅಂತಾನೇ ಕೇಳೋದು. ಅನ್ಸಲ್ಲ ಅಂತ ಅವರೇ ತೀರ್ಮಾನ ಮಾಡಿ ಆಗಿದೆ, ನಾನು ಒಪ್ಕೋಬೇಕು ಅಷ್ಟೇ. ಮಾಂಸ ಮುಟ್ಟದವರು ಕೇಳಿದ್ರೆ ನಂಗೆ ಬೇಜಾರಿಲ್ಲ, ಅವರ ಪ್ರಶ್ನೆ ನೇರವಾಗಿದೆ, ಎಷ್ಟು ಹೊತ್ತಾದ್ರೂ ಕೂತು ಮಾತಾಡ್ತೀನಿ. ಕೈಯಲ್ಲಿ ಕಬಾಬ್ ಹಿಡ್ಕೊಂಡು ಕೇಳಿದಾಗ ಮಾತ್ರ ಸಿಟ್ಟು ಬರುತ್ತೆ, ಮುಚ್ಚಿಡಲ್ಲ.

ಇನ್ನೊಂದು, ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಓವನ್‌ನಲ್ಲಿ ಇಡ್ತಾರಲ್ಲ ಆ ಟರ್ಕೀನೇ ನಾನು ಹೊಡೆಯೋದು ಅಂದ್ಕೊಂಡಿದಾರೆ. ಫಾರಂದು ಬಿಳೀ ಹಕ್ಕಿ, ಎದೆ ಮಾಂಸ ಎಷ್ಟು ಬೆಳೆಸಿದಾರೆ ಅಂದ್ರೆ ಹಾರೋಕಾಗಲ್ಲ, ತಾನಾಗಿ ಕೂಡೋಕೂ ಆಗಲ್ಲ, ಮನುಷ್ಯರೇ ಗರ್ಭಧಾರಣೆ ಮಾಡ್ಸಬೇಕು. ಕಾಡಿಂದು ಒಂಬತ್ತು ಹತ್ತು ಕೆಜಿ ತೂಗಿದ್ರೂ ರಾತ್ರಿ ಎತ್ತರದ ಮರದ ಮೇಲೆ ಮಲಗುತ್ತೆ, ಅದರ ಕಣ್ಣು ತಪ್ಪಿಸಿ ಒಂದು ಬೆರಳು ಅಲ್ಲಾಡಿಸೋದು ಕಷ್ಟ. ಮೊದಲ ಎರಡು ವರ್ಷ ನಾನು ಒಂದೇ ಒಂದು ಹಕ್ಕೀನೂ ತರಲಿಲ್ಲ. ಆಗ ಯಾರೂ ಏನೂ ಕೇಳಲಿಲ್ಲ.

ಹೋದ ವರ್ಷದ ಒಂದು ಬೆಳಗ್ಗೆ ಹೇಳ್ತೀನಿ. ಮೇ ಮೊದಲ ವಾರ, ವರ್ನನ್ ಕೌಂಟಿ. ಹಿಮಯುಗದಲ್ಲಿ ಸುತ್ತಮುತ್ತಲ ನೆಲಾನೆಲ್ಲ ಹಿಮನದಿಗಳು ಉಜ್ಜಿ ಸಪಾಟು ಮಾಡಿದ್ವು, ಈ ಭಾಗ ಒಂದನ್ನ ಮುಟ್ಟಲಿಲ್ಲ, ಅದಕ್ಕೇ ಗುಡ್ಡ ಕಣಿವೆ ಹಂಗೇ ಉಳಿದಿದೆ, ಡ್ರಿಫ್ಟ್‌ಲೆಸ್ ಅಂತಾರೆ. ಮ್ಯಾಡಿಸನ್ನಿಂದ ಎರಡು ಗಂಟೆ ಹತ್ರ ಡ್ರೈವ್. ಅಲ್ಲಿ ಎಪ್ಪತ್ತೈದು ದಾಟಿದ ಒಬ್ಬ ರೈತರು ಅವರ ಜಮೀನಿನ ಕಾಡಲ್ಲಿ ಕೂರೋಕೆ ಬಿಡ್ತಾರೆ, ದುಡ್ಡು ತಗೊಳಲ್ಲ, ಮಾರ್ಚಲ್ಲಿ ಎರಡು ಶನಿವಾರ ಹೋಗಿ ಬೇಲಿ ರಿಪೇರಿ ಮಾಡ್ಕೊಡ್ತೀನಿ.

ನಾಲ್ಕೂವರೆಗೆ ಟಾರ್ಚ್ ಹಾಕದೆ ಗುಡ್ಡ ಹತ್ತಿ, ನನ್ನ ಹೆಗಲಿಗಿಂತ ಅಗಲ ಇರೋ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆ. ಮರ ಅಗಲ ಇರಲೇಬೇಕು, ನಾನು ಹೇಂಟೆ ದನಿ ಮಾಡ್ತಿರೋದನ್ನ ಕೇಳಿ ಹಿಂದಿಂದ ಬೇರೆ ಯಾರಾದ್ರೂ ಶಿಕಾರಿಯವರು ಬಂದ್ರೆ ಕಷ್ಟ. ಮೈ ಮೇಲೆ ಕೆಂಪು ಬಿಳಿ ನೀಲಿ ಒಂದು ಎಳೇನೂ ಇರಬಾರದು, ಹುಂಜದ ತಲೆ ಅದೇ ಬಣ್ಣ. ಅಜ್ಜಯ್ಯ ಮರಸು ಕೂರೋದು ಅಂತಿದ್ರಲ್ಲ, ಹಣ್ಣಿನ ಮರದ ಹತ್ರ ಉಸಿರು ಬಿಗಿ ಹಿಡಿದು ಕಾಯೋದು, ಇದೂ ಅದೇ ಕಾಯೋದು, ಆದ್ರೆ ಇಲ್ಲಿ ಕರೀಬೇಕು.

ಐದು ದಾಟ್ತಿದ್ದಂಗೆ ಕಣಿವೇಲಿ ಗೂಬೆ ಒಂದು ಕೂಗ್ತು, ಕೂಗಿದ ತಕ್ಷಣ ನನ್ನ ಎಡಕ್ಕೆ ಮರದ ಮೇಲಿಂದ ಗಳಗಳಗಳ ಅಂತ ಹುಂಜ ಉತ್ತರ ಕೊಡ್ತು. ಜೋರು ಶಬ್ದ ಏನೇ ಬಂದ್ರೂ ಹಂಗೆ ಕೂಗಿಬಿಡುತ್ತೆ, ತಡ್ಕೊಳ್ಳಲ್ಲ. ನನ್ನ ಹತ್ರ ಇರೋದು ಸ್ಲೇಟ್ ಕಾಲ್, ಅಂಗೈಯಗಲದ ಸ್ಲೇಟು, ಅದರ ಮೇಲೆ ಕಡ್ಡೀಲಿ ಸಣ್ಣ ಸೊನ್ನೆ ಸುತ್ತಿದ್ರೆ ಹೇಂಟೆ ದನಿ ಬರುತ್ತೆ. ಬಳಪ ಹಿಡ್ದು ಸೊನ್ನೆ ತಿದ್ದಿದ ಕೈ, ಆ ಒತ್ತಡ ಎಷ್ಟಿರಬೇಕು ಅಂತ ಕೈಗೇ ಗೊತ್ತು. ಕಷ್ಟ ಏನಂದ್ರೆ, ಅವುಗಳ ಪದ್ಧತೀಲಿ ಹುಂಜ ಕೂಗೋದು, ಹೇಂಟೆ ಹುಡುಕ್ಕೊಂಡು ಹೋಗೋದು. ನಾವು ತಿರುಗಾಮುರುಗ ಮಾಡಿ ನೀನೇ ಬಾ ಅಂತೀವಿ. ಅದು ನಿಂತಲ್ಲೇ ನಿಂತು ನೀನೇ ಬಾ ಅನ್ನುತ್ತೆ.

ಬೆಳಕು ಹರಿದಾಗ ದೊಪ್ ಅಂತ ಇಳೀತು, ಜೊತೆಗೆ ಮೂರು ಹೇಂಟೆ ಇಳಿದ್ವು, ನಾಲ್ಕೂ ಸೇರಿ ಗುಡ್ಡದ ಆಚೆ ಹೋದ್ವು. ಆಮೇಲೆ ಮೂರು ಗಂಟೆ ಏನೂ ಇಲ್ಲ. ಚಳಿ. ಮಂಡಿ ಮೇಲೆ ಉಣುಗು ಹತ್ತುತ್ತಿತ್ತು, ಇಲ್ಲಿನ ಉಣುಗು ಕಚ್ಚಿದ್ರೆ ಲೈಮ್ ಕಾಯಿಲೆ ಬರಬಹುದು, ಅದನ್ನ ಕಿತ್ತು ಬಿಸಾಕೋಕೂ ನಿಧಾನವಾಗಿ ಕೈ ಆಡಿಸಬೇಕು. ಈ ಮೂರು ಗಂಟೆ ಬಗ್ಗೆ ಯಾರೂ ಕೇಳಲ್ಲ ನೋಡಿ. ಮ್ಯಾಡಿಸನ್ನಿಗೆ ಬಂದು ಹನ್ನೊಂದು ವರ್ಷ ನಂಗೆ ಒಂದು ಮರದ ಹೆಸರು ಗೊತ್ತಿರಲಿಲ್ಲ. ಊರಲ್ಲಿ ಹಲಸು, ನಂದಿ, ಬೈನೆ, ಹೊನ್ನೆ ಅಂತ ಕಣ್ಮುಚ್ಚಿ ತೊಗಟೆ ಮುಟ್ಟಿ ಹೇಳ್ತಿದ್ದೋನು ಇಲ್ಲಿ ಎಲ್ಲಾದಕ್ಕೂ ಮರ ಅಂತಿದ್ದೆ. ಓಕ್ ಯಾವುದು, ತೊಗಟೆ ಪಟ್ಟಿಪಟ್ಟಿಯಾಗಿ ಸುಲಿದು ನಿಂತಿರೋ ಹಿಕರಿ ಯಾವುದು, ನೆಲದಲ್ಲಿ ಮೂರೆಲೆ ಮೂರು ಎಸಳಿನ ಟ್ರಿಲಿಯಂ ಯಾವಾಗ ಅರಳುತ್ತೆ, ಎಲ್ಲಾ ಕಲ್ತಿದ್ದು ಇಂಥ ಮೂರು ಮೂರು ಗಂಟೆಗಳಲ್ಲೇ. ಸುಮ್ನೆ ವಾಕಿಂಗ್ ಹೋಗಿದ್ರೂ ಕಲೀಬಹುದಿತ್ತಲ್ಲ ಅಂತೀರ. ಹನ್ನೊಂದು ವರ್ಷ ವಾಕಿಂಗ್ ಹೋಗಿದೀನಿ. ಕಲೀಲಿಲ್ಲ.

ಒಂಬತ್ತರ ಹೊತ್ತಿಗೆ ಹೇಂಟೆಗಳು ಮೊಟ್ಟೆ ಇಡೋಕೆ ಗೂಡಿಗೆ ಹೋಗ್ತವೆ, ಹುಂಜ ಒಂಟಿ ಆಗುತ್ತೆ. ನಾನು ಸ್ಲೇಟು ಪಕ್ಕಕ್ಕಿಟ್ಟು ಬರೀ ಕೈಯಲ್ಲಿ ತರಗೆಲೆ ಕೆರೆದೆ. ಚರ್, ಚರ್ ಚರ್, ನಿಲ್ಲಿಸೋದು, ಮತ್ತೆ ಚರ್. ಹಿತ್ಲಲ್ಲಿ ಕೋಳಿ ಕೆದಕೋದು ಕೇಳಿ ಬೆಳೆದೋರಿಗೆ ಆ ತಾಳ ಯಾರೂ ಹೇಳ್ಕೊಡಬೇಕಿಲ್ಲ. ಗುಡ್ಡದ ಅಂಚಿಂದ ಒಂದು ಕೂಗು ಬಂತು. ಮತ್ತೆ ಮೌನ. ಆಮೇಲೆ ಕಿವಿಗಿಂತ ಎದೆಗೆ ಮೊದಲು ತಾಗೋ ಒಂದು ಗುಂಯ್ ಶಬ್ದ, ಡ್ರಮ್ಮಿಂಗ್ ಅಂತಾರೆ, ಅದು ಕೇಳಿಸ್ತು ಅಂದ್ರೆ ಹಕ್ಕಿ ಹತ್ರಾನೇ ಇದೆ ಅಂತ.

ಬಂತು. ಬಾಲ ಬೀಸಣಿಗೆ ಥರ ಬಿಚ್ಚಿ, ರೆಕ್ಕೆ ತುದಿ ನೆಲಕ್ಕೆ ಉಜ್ಜುತ್ತಾ, ಮುಖ ನೀಲಿ, ನೆತ್ತಿ ಬಿಳಿ, ಕತ್ತಿನ ಗಂಟುಗಳು ರಕ್ತದಂಗೆ ಕೆಂಪು. ಅದರ ತಲೆ ಒಂದು ಮರದ ಹಿಂದೆ ಹೋದ ಆ ಒಂದು ಕ್ಷಣದಲ್ಲಿ ಕೋವಿ ಎತ್ತಿದೆ. ಮೂವತ್ತು ಹೆಜ್ಜೆ. ಮೈ ಉಬ್ಬಿಸಿದಾಗ ಕತ್ತು ಒಳಗೆ ಎಳ್ಕೊಂಡಿರುತ್ತೆ, ಆಗ ಹೊಡೀಬಾರದು, ಗಾಯ ಆಗಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತೆ. ಕಾದೆ. ಬಾಯಲ್ಲೇ ಟಕ್ ಅಂದೆ, ಕತ್ತು ನೆಟ್ಟಗೆ ಎತ್ತಿ ನೋಡ್ತು. ಒಂದೇ ಈಡು.

ಹತ್ರ ಹೋದಾಗ ರೆಕ್ಕೆ ಇನ್ನೂ ಬಡಿತಿತ್ತು, ನಿಂತ ಮೇಲೆ ಪಕ್ಕದಲ್ಲಿ ಕೂತೆ. ದೂರದಿಂದ ಕಪ್ಪು ಕಾಣೋ ಗರಿ, ಹತ್ರದಿಂದ ತಾಮ್ರದ ಚೆಂಬು ಹುಣಸೆಹಣ್ಣಲ್ಲಿ ತಿಕ್ಕಿ ಬಿಸಿಲಿಗಿಟ್ಟ ಬಣ್ಣ, ಕೈ ಸ್ವಲ್ಪ ಓರೆ ಮಾಡಿದ್ರೆ ಹಸಿರು. ಎದೆಯಿಂದ ಕುದುರೆ ಕೂದಲಿನಂಥ ಗಡ್ಡ, ಒಂದು ಗೇಣಿಗಿಂತ ಜಾಸ್ತಿ ಉದ್ದ. ಗರಿ ಒಳಗೆ ಕೈ ಇಟ್ರೆ ಬಿಸಿ. ಕೈ ನಡುಗ್ತಿತ್ತು. ಪಾಪ ಅನ್ಸಿದ್ದು ಅಲ್ಲಿ. ಪ್ರತಿ ಸಲಾನೂ ಅನ್ಸುತ್ತೆ, ಅದಕ್ಕೆ ಸಬೂಬು ಹೇಳಲ್ಲ. ಅಷ್ಟು ವರ್ಷ ಪ್ಲಾಸ್ಟಿಕ್ ಸುತ್ತಿದ ಕೋಳಿ ತಂದು ತಿಂದಾಗ ಆ ಪಾಪಾನ ನನ್ನ ಬದಲು ಇನ್ಯಾರೋ ಹೊತ್ಕೊಂಡಿದ್ರು, ಅವರ ಮುಖಾನೂ ನಾನು ನೋಡಿಲ್ಲ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ ಇದೆ. ಈ ಹಕ್ಕಿ ಅಲ್ಲಿಗೆ ಬಂದಿದ್ದು ಹೆಂಗೆ ಅಂತ ಕೇಳಿ. ಹಕ್ಕಿ ಹೊತ್ಕೊಂಡು ಇಳಿದಾಗ ರೈತರು ಅದರ ರೆಕ್ಕೆ ಬಿಡಿಸಿ ನೋಡ್ತಾ ಹೇಳಿದ್ರು, "ನಾನು ಹುಡುಗ ಆಗಿದ್ದಾಗ ಇದನ್ನ ಚಿತ್ರದಲ್ಲಿ ಮಾತ್ರ ನೋಡಿದ್ದು." ನಿಜ. ಕಾಡು ಕಡಿದು, ಹದ್ದುಬಸ್ತಿಲ್ದೆ ಹೊಡೆದು, 1881ರ ಹೊತ್ತಿಗೆ ವಿಸ್ಕಾನ್ಸಿನ್ನಲ್ಲಿ ಕಾಡು ಟರ್ಕಿ ಪೂರ್ತಿ ಮುಗಿದು ಹೋಗಿತ್ತು. ಫಾರಂ ಟರ್ಕಿ ಸಾಕಿ ಕಾಡಿಗೆ ಬಿಟ್ರೆ ಬದುಕಲಿಲ್ಲ. ಕೊನೆಗೆ 1976ರಲ್ಲಿ ಮಿಸ್ಸೌರಿ ರಾಜ್ಯದೋರ ಜೊತೆ ಒಂದು ವಿನಿಮಯ ಮಾಡ್ಕೊಂಡ್ರು: ನಮ್ಮ ಗ್ರೌಸ್ ಹಕ್ಕಿ ನೀವು ತಗೊಳ್ಳಿ, ನಿಮ್ಮ ಕಾಡು ಟರ್ಕಿ ನಮಗೆ ಕೊಡಿ. ಮೊದಲು ಬಂದಿದ್ದು 29 ಹಕ್ಕಿ, ತಂದು ಬಿಟ್ಟಿದ್ದು ಇದೇ ವರ್ನನ್ ಕೌಂಟೀಲಿ. 1983ರಲ್ಲಿ ಮೊದಲ ಶಿಕಾರಿ ಸೀಸನ್, ಆಗ ಬಿದ್ದಿದ್ದು 182. ಇವತ್ತು ರಾಜ್ಯದ ಮೂಲೆಮೂಲೇಲೂ ಇದೆ, ಮ್ಯಾಡಿಸನ್ನಲ್ಲಿ ರಸ್ತೆ ದಾಟ್ತಾ ಟ್ರಾಫಿಕ್ ನಿಲ್ಲಿಸುತ್ತೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಅಂದ್ರೆ, ದೊಡ್ಡ ಪಾಲು ಶಿಕಾರಿಯವರದ್ದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಬೇಟೆ ಕೋವಿ, ತೋಟೆ ಮೇಲೆ ಶೇ. 11 ಸುಂಕ, ಅದು ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗ್ಬೇಕು. ಜೊತೆಗೆ ಲೈಸೆನ್ಸ್ ದುಡ್ಡು. ವಸಂತದಲ್ಲಿ ಹುಂಜ ಇಲ್ಲಾ ಗಡ್ಡ ಇರೋ ಹಕ್ಕಿ ಮಾತ್ರ ಹೊಡೀಬಹುದು, ಹೊಡೆದ ಮಾರನೇ ದಿನ ಸಂಜೆ 5ರೊಳಗೆ ರಿಜಿಸ್ಟರ್ ಮಾಡಲೇಬೇಕು. ಹಂಗಾದ್ರೆ ನಮ್ಮೂರಲ್ಲೂ ಶಿಕಾರಿಗೆ ಬಿಡಬೇಕು ಅಂತೀಯಾ ಅಂತ ಕೆಲವರು ಸಿಕ್ಕಿಸೋಕೆ ನೋಡ್ತಾರೆ. ಇಲ್ಲ, ಅನ್ನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಅಜ್ಜಯ್ಯ ಕೋವಿ ಗೋಡೆಗೆ ನೇತುಹಾಕಿದ್ರು, ಮತ್ತೆ ಕಾಡಿಗೆ ತಗೊಂಡು ಹೋಗಲಿಲ್ಲ, ಅದು ಸರೀನೇ. ಅಲ್ಲಿ ಉಳಿದಿರೋದು ಉಳಿಯಲಿ.

ಸಂಜೆ ಹಕ್ಕಿ ಕ್ಲೀನ್ ಮಾಡ್ತಾ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಬಾಲ ನೋಡಿ ಕಿರುಚಿದ್ರು, "ಅಯ್ಯೋ ನವಿಲು ಹೊಡ್ದಿದ್ಯೇನೋ!" ಅಲ್ಲಮ್ಮ ಟರ್ಕಿ ಅಂತ ಮೂರು ಸಲ ಹೇಳಿ, ತಲೆ ಹತ್ರ ಹಿಡಿದು ತೋರಿಸಿದ ಮೇಲೆ ನಂಬಿದ್ರು. ಕಾಲಿನ ಮಾಂಸದೊಳಗೆ ನರ ಬಿದಿರು ಕಡ್ಡಿ ಥರ ಗಟ್ಟಿ ಇರುತ್ತೆ, ಅದನ್ನ ಕುಕ್ಕರಲ್ಲಿ ಏಳು ವಿಷಲ್ ಕೂಗಿಸಿ ಆಮೇಲೆ ಕಡ್ಡಿ ಎಳೆದು ತೆಗಿ, ಸಾರಿಗೆ ಹಾಕು, ಕಡುಬಿನ ಜೊತೆ ಚೆನ್ನಾಗಿರುತ್ತೆ ಅಂದ್ರು. ಆಮೇಲೆ, ಇಷ್ಟು ವರ್ಷದಲ್ಲಿ ಯಾರೂ ಕೇಳದೆ ಇದ್ದಿದ್ದನ್ನ ಕೇಳಿದ್ರು: "ಮೇವಿನ ಚೀಲದಲ್ಲಿ ಏನಿತ್ತೋ?"

ಕತ್ತಿನ ಬುಡದ ಆ ಚೀಲ ಬಿಡಿಸಿ ಪೇಪರ್ ಮೇಲೆ ಹರಡಿದೆ. ಮೇಲ್ಗಡೆ ಹಸಿ ಕ್ಲೋವರ್ ಎಲೆ, ಇನ್ನೂ ಬಾಡಿರಲಿಲ್ಲ. ಒಂದು ಸಣ್ಣ ಬಸವನಹುಳ ಚಿಪ್ಪು ಸಮೇತ, ಎರಡು ಕರೀ ಜೀರುಂಡೆ, ಹೋದ ವರ್ಷದ ಓಕ್ ಕಾಯಿ ಚೂರು. ಅಡೀಲಿ ಒಂದು ಹಿಡಿಯಷ್ಟು ಮೆಕ್ಕೆಜೋಳ. ಅಮ್ಮ ಫೋನಿಗೆ ಮುಖ ಹತ್ರ ತಂದು ನೋಡಿದ್ರು.

"ಜೋಳ ಎಲ್ಲಿಂದೋ? ಕಾಡಲ್ಲಿ ಜೋಳ ಎಲ್ಲಿರುತ್ತೆ?"

"ಗುಡ್ಡದ ಆಚೆ ಒಂದು ಹೊಲ ಇದೆ, ಹೋದ ವರ್ಷ ಕೊಯ್ದಾಗ ಉದುರಿದ್ದು ಇರ್ಬೇಕು."

"ಮತ್ತೆ? ರಾತ್ರಿ ಚೀಲ ಖಾಲಿ ಆಗಿರುತ್ತೆ. ಜೋಳ ಅಡೀಲಿದೆ ಅಂದ್ರೆ ಮರ ಇಳಿದು ಮೊದ್ಲು ಹೊಲಕ್ಕೇ ಹೋಗಿದೆ, ತಿಂದು ಆಮೇಲೆ ನಿನ್ನ ಹತ್ರ ಬಂದಿದೆ. ನೀನು ಅಷ್ಟು ಹೊತ್ತು ಸುಮ್ನೆ ಮರಕ್ಕೆ ಒರಗಿ ಕೂತಿದ್ಯ. ಅಪ್ಪಯ್ಯ ಕಾಡುಕೋಳಿ ತಂದ್ರೆ ಮೊದ್ಲು ಇದನ್ನೇ ನೋಡ್ತಿದ್ರು, ನಾವು ಹುಡುಗ್ರೆಲ್ಲ ಸುತ್ತ ಕೂತು ಎಣಿಸ್ತಿದ್ವಿ."

ಹೊಲಕ್ಕೂ ಕಾಡಿಗೂ ಮಧ್ಯ ಒಂದು ಹಿಕರಿ ಮರ ಇದೆ, ಬೇಲಿ ರಿಪೇರಿಗೆ ಹೋದಾಗ ಟೀ ಕುಡಿಯೋದು ಅದರ ಬುಡದಲ್ಲೇ. ಹೆಗಲಿಗಿಂತ ಅಗಲ ಇದೆ. ಈ ವರ್ಷ ಅಲ್ಲಿ ಕೂತ್ಕೋತೀನಿ.